ಸುಣ್ಣಕಲ್ಲಿನೊಳಗಿನ ಸೀಗಡಿ

ಹೂಳಿನೊಳಗೆ ಮೂಳೆ ಉಳಿಯುತ್ತದೆಂದರೆ ನಂಬಬಹುದು. ಶಂಖ, ಕಪ್ಪೆಚಿಪ್ಪುಗಳು ಉಳಿಯುವುದೂ ಸಹಜವೇ. ಆದರೆ ಸೀಗಡಿ? ಬೆಳಿಗ್ಗೆ ತಂದದ್ದು ಸಂಜೆಯವರೆಗೆ ತಾಳದು. ಚಿಪ್ಪಾದರೋ ಉಗುರಿನಿಂದ ಸುಲಿಯುವಷ್ಟು ತೆಳು. ಅಂಥ ಜೀವಿಯೊಂದು ಸುಮಾರು 15 ಕೋಟಿ ವರ್ಷಗಳಷ್ಟು ಹಳೆಯ ಕಲ್ಲಿನಲ್ಲಿ ಮೀಸೆಯ ಎಳೆಗಳ ಸಮೇತ ಮಲಗಿದೆಯೆಂದರೆ, ಅದು ಉಳಿದ ಬಗೆಯನ್ನು ವಿಚಾರಿಸಲೇಬೇಕು.

ಇದರ ಹೆಸರು ಈಗರ್ ಟಿಪುಲೇರಿಯಸ್. ದೊರೆಯುವುದು ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಸೋಲ್ನ್‌ಹೋಫನ್ ಸುತ್ತಣ ಕಲ್ಲುಗಣಿಗಳಲ್ಲಿ. 1822ರಲ್ಲಿ ಶ್ಲೋಥೈಮ್ ಎಂಬ ವಿದ್ವಾಂಸನು ಇದನ್ನು ವರ್ಣಿಸಿದನು. ‘ಈಗರ್’ ಎಂಬ ಕುಲನಾಮವನ್ನು 1839ರಲ್ಲಿ ಮ್ಯೂನ್‌ಸ್ಟರ್ ಕೊಟ್ಟನು. ಹಣೆಯಿಂದ ಮುಂಚಾಚಿದ ನೀಳವಾದ ಕೊಂಬು, ಮೈಯನ್ನು ಮೀರಿದ ಮೀಸೆ, ಬಾಯ ಬಳಿಯಿಂದ ಹೊರಟು ಉದ್ದಕ್ಕೂ ಮುಳ್ಳು ತಳೆದ ಒಂದು ಜೊತೆ ಅವಯವ, ಇವು ಅದರ ಗುರುತು. ಆ ಕುಲವೇ ಇಂದು ಇಲ್ಲ.

ಓದುಬರಹದ ನಂಟುಳ್ಳ ನಮಗೆ ಈ ಕಲ್ಲಿನ ಋಣವೂ ಒಂದಿಷ್ಟಿದೆ. 18ನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನ ಸೆನೆಫೆಲ್ಡರ್ ಕಲ್ಲಚ್ಚಿನ ವಿಧಾನವನ್ನು ಕಂಡುಹಿಡಿದದ್ದು ಆ ಸೀಮೆಯ ಸುಣ್ಣಕಲ್ಲಿನ ಮೇಲೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲಿಯೇ. ಮುದ್ರಕನು ಮೆಚ್ಚಿದ ಆ ನಯವಾದ ಕಣವೇ ಸೀಗಡಿಯ ಮೀಸೆಯನ್ನೂ ಅಚ್ಚೊತ್ತಿಕೊಂಡಿತು.

ಅಂದು ಅಲ್ಲಿದ್ದದ್ದು ಬೆಚ್ಚನೆಯ ಆಳವಿಲ್ಲದ ಕಡಲು. ದಿಬ್ಬಗಳ ಮರೆಯಲ್ಲಿ ಅರೆಬರೆ ಬೇರ್ಪಟ್ಟ ಖಾರಿಗಳು. ಬಿಸಿಲಿಗೆ ನೀರು ಆವಿಯಾದಂತೆ ಉಪ್ಪು ಹೆಚ್ಚಿ, ಭಾರವಾದ ಆ ನೀರು ತಳಕ್ಕಿಳಿದು ನಿಂತಿತು. ಅಲ್ಲಿ ಆಮ್ಲಜನಕವೂ ವಿರಳ. ಮೇಲಿನಿಂದ ತಳ ಸೇರಿದ ಜೀವಿ ಬದುಕಲಿಲ್ಲ. ಅದನ್ನು ತಿನ್ನಬೇಕಾದ ಏಡಿ, ಹುಳುಗಳೂ ಅಲ್ಲಿ ಬದುಕುವಂತಿರಲಿಲ್ಲ. ಕೊಂದ ನೀರೇ ಕಾವಲಿಗೂ ನಿಂತಿತೆನ್ನಬೇಕು. ಸುಣ್ಣದ ಕೆಸರು ಸದ್ದಿಲ್ಲದೆ ಹೊದಿಸಿತು. 1861ರಲ್ಲಿ ಹೊರಜಗತ್ತಿಗೆ ತಿಳಿದ ಆರ್ಕಿಯಾಪ್ಟೆರಿಕ್ಸ್ ಹಕ್ಕಿಯ ಗರಿ ಉಳಿದದ್ದೂ ಇದೇ ಉಪಾಯದಿಂದ. ಹಕ್ಕಿಗೆ ಸಂದ ಕೀರ್ತಿ ಸೀಗಡಿಗೆ ಸಲ್ಲಲಿಲ್ಲವೆಂಬುದು ಬೇರೆ ಮಾತು.

ಕಲ್ಲಿನಲ್ಲಿ ಕಂಡದ್ದೆಲ್ಲ ಸತ್ತ ಸೀಗಡಿಯೇ ಆಗಿರಬೇಕೆಂದೇನೂ ಇಲ್ಲ. ಹಾವಿನಂತೆ ಇದೂ ಪೊರೆ ಬಿಡುವ ಪ್ರಾಣಿ. ಬೆನ್ನಿನ ಚಿಪ್ಪು ಹೊಟ್ಟೆಯ ಭಾಗದಿಂದ ಕಳಚಿ ಸರಿದಿದ್ದರೆ, ಅದು ಬಿಟ್ಟುಹೋದ ಪೊರೆಯಿರಬಹುದೆಂದು ಶಂಕಿಸಬೇಕು. ಒಡೆಯ ಬೇರೆಲ್ಲೋ ಈಜುತ್ತಿದ್ದಿರಬಹುದು.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಇನ್ನೊಂದು ಗುರುತು. ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಹೊಳೆಯ ಸೀಗಡಿಯಲ್ಲಿ ಹೊಟ್ಟೆಯ ಎರಡನೆಯ ಬಳೆಯ ಪಕ್ಕದ ಅಂಚು ಹಿಂದು ಮುಂದಿನ ಎರಡು ಬಳೆಗಳ ಮೇಲೂ ಹರಡಿರುತ್ತದೆ. ಕಡಲಿನ ಹುಲಿಸೀಗಡಿಯಲ್ಲಿ ಹಾಗಿಲ್ಲ. ಅದು ಮೊದಲನೆಯದನ್ನು ಮುಚ್ಚುವುದಿಲ್ಲ. ಮೊದಲನೆಯದರ ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಹೊತ್ತು ತಿರುಗುತ್ತದೆ. ಎರಡನೆಯದರದು ನೀರಿಗೆ ಚೆಲ್ಲಿಬಿಡುತ್ತದೆ. ಈಗರ್ ಹುಲಿಸೀಗಡಿಯ ಪಂಗಡದ್ದು. ಅದರ ಮೊಟ್ಟೆಗಳನ್ನು ಕಂಡವರಿಲ್ಲ. ಆದರೂ ಆ ಪಂಗಡದ ರೂಢಿಯಂತೆ ಅದೂ ತನ್ನ ಮೊಟ್ಟೆಗಳನ್ನು ಆ ಬೆಚ್ಚನೆಯ ನೀರಿಗೇ ಬಿಟ್ಟಿರಬೇಕೆಂದು ತರ್ಕಿಸುತ್ತೇವೆ.