ನಿಮಗಿದು ಗೊತ್ತೆ? ಚಳಿಗಾಲಕ್ಕೊಂದು ಚಕ್ರದ ಮೇಲಿನ ಮನೆ
ಅಮೆರಿಕದ ಉತ್ತರ ರಾಜ್ಯಗಳ ಮತ್ತು ಕೆನಡಾದ ಸಾವಿರಾರು ನಿವೃತ್ತರು ಹಿಮ ಬೀಳುವ ತಿಂಗಳುಗಳನ್ನು ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ, ಸೌತ್ ಪಾದ್ರೆ ದ್ವೀಪದಂಥ ಬೆಚ್ಚಗಿನ ಕಡಲತೀರಗಳಲ್ಲಿ, ಮೋಟಾರ್‌ಹೋಮ್‌ನಲ್ಲೇ ಕಳೆಯುತ್ತಾರೆ. ಸ್ಥಳೀಯರು ಇವರನ್ನು ‘ವಿಂಟರ್ ಟೆಕ್ಸನ್‌’ರು ಎನ್ನುತ್ತಾರೆ. ತಿಂಗಳ ಬಾಡಿಗೆಗೆ ಸಿಗುವ ಜಾಗದಲ್ಲಿ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಇರುತ್ತದೆ.

ಮೊದಲ ಕೆಲಸ ವಾಹನವನ್ನು ಮಟ್ಟಸವಾಗಿ ನಿಲ್ಲಿಸುವುದು. ಗ್ಯಾಸ್‌ನಿಂದ ನಡೆಯುವ ಫ್ರಿಜ್‌ನಲ್ಲಿ ಅಮೋನಿಯಾ ದ್ರಾವಣ ಗುರುತ್ವಬಲದಿಂದ ಹರಿಯುತ್ತದೆ. ವಾಹನ ವಾಲಿದ್ದರೆ ಹರಿವು ನಿಂತು ಫ್ರಿಜ್ ಕೆಡಬಹುದು. ಹೊಸಬರು ಹೆಚ್ಚಾಗಿ ಎಡವುವುದು ಶೌಚದ ಟ್ಯಾಂಕಿನ ವಿಷಯದಲ್ಲಿ. ಅದರ ಕವಾಟವನ್ನು ಸದಾ ತೆರೆದಿಟ್ಟರೆ ನೀರಷ್ಟೇ ಹರಿದುಹೋಗಿ ಮಲ ತಳದಲ್ಲಿ ಗಟ್ಟಿಯಾಗುತ್ತದೆ. ಟ್ಯಾಂಕ್ ಬಹುಪಾಲು ತುಂಬಿದ ಮೇಲೆ ಒಮ್ಮೆಲೇ ಖಾಲಿ ಮಾಡಿ, ಬಳಿಕ ಸ್ನಾನದ ಮತ್ತು ಪಾತ್ರೆ ತೊಳೆದ ನೀರನ್ನು ಬಿಡುವುದೇ ಸರಿಯಾದ ಕ್ರಮ, ಕೊಳವೆಯೂ ಸ್ವಚ್ಛವಾಗುತ್ತದೆ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ವಾಹನವನ್ನು ಆಗಾಗ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಕೆನಡಾದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 6 ತಿಂಗಳವರೆಗೆ ಉಳಿಯಲು ಅವಕಾಶವಿದೆ. ಒಂಟಾರಿಯೊ ನಿವಾಸಿಗಳು 12 ತಿಂಗಳಲ್ಲಿ 212 ದಿನಕ್ಕಿಂತ ಹೆಚ್ಚು ಕಾಲ ಪ್ರಾಂತ್ಯದ ಹೊರಗಿದ್ದರೆ ಸರ್ಕಾರಿ ಆರೋಗ್ಯ ವಿಮೆ ಕೈತಪ್ಪಬಹುದು.