ಹಳೆಯ ಕಾರಿಗೆ ಹೊಸ ಗಿಯರು ಪೆಟ್ಟಿಗೆ

ಘಟ್ಟವನ್ನೇರುವ ಬಸ್ಸಿನಲ್ಲಿ ಕುಳಿತಾಗ, ಚಾಲಕನು ಕಡಿದಾದ ಏರಿನಲ್ಲಿ ಗಿಯರನ್ನು ಬದಲಾಯಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಂಜಿನ್ನಿನ ಮೊರೆತ ಹೆಚ್ಚುತ್ತದೆ, ಬಸ್ಸಿನ ವೇಗ ತಗ್ಗುತ್ತದೆ. ಆದರೆ ಇನ್ನೇನು ನಿಂತೇಬಿಡುತ್ತದೆ ಎಂದು ತೋರಿದ ಬಸ್ಸು ಮೆಲ್ಲನೆ ಮೇಲೇರತೊಡಗುತ್ತದೆ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ಈ ವ್ಯಾಪಾರವೇ ಗಿಯರು ಪೆಟ್ಟಿಗೆಯ ಕೆಲಸ. ಹಳೆಯ ಕಾರೊಂದಕ್ಕೆ ಅನಂತರದ ಮಾದರಿಯ ಗಿಯರು ಪೆಟ್ಟಿಗೆಯನ್ನು ಜೋಡಿಸಿದರೆ ಈ ವ್ಯಾಪಾರದಲ್ಲಿ ದೊರೆಯುವ ಲಾಭವೇನು, ತೆರಬೇಕಾದ ಬೆಲೆಯೇನು? ಒಂದು ನಿಜವಾದ ಉದಾಹರಣೆಯಿಂದ ಇದನ್ನು ಪರಿಶೀಲಿಸೋಣ.

ಜಪಾನಿನ ನಿಸ್ಸಾನ್ ಸಂಸ್ಥೆಯು 1969ರಲ್ಲಿ ಒಂದು ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಅಮೆರಿಕದಲ್ಲಿ ಅದು ಡಾಟ್ಸನ್ 240-ಝಡ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆರು ಸಿಲಿಂಡರುಗಳ, 2,393 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ ಅದರದು. ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಕೈಯಿಂದ ಬದಲಾಯಿಸುವ ನಾಲ್ಕು ಗಿಯರುಗಳಿದ್ದವು. ಅದೇ ಪರಂಪರೆಯಲ್ಲಿ ಮುಂದೆ ಬಂದ 280-ಝಡ್‌ಎಕ್ಸ್ ಕಾರಿಗೆ ಐದು ಗಿಯರುಗಳ ಪೆಟ್ಟಿಗೆ ದೊರೆಯಿತು. ಎರಡು ಕಾರುಗಳ ಎಂಜಿನ್ನುಗಳೂ ಒಂದೇ ವಂಶಕ್ಕೆ ಸೇರಿದವಾದುದರಿಂದ, ಹೊಸ ಪೆಟ್ಟಿಗೆಯು ಹಳೆಯ ಎಂಜಿನ್ನಿಗೆ ಸರಿಯಾಗಿ ಕೂಡುತ್ತದೆ. ಹಳೆಯ ಕಾರುಗಳನ್ನು ಜತನದಿಂದ ಓಡಿಸುವ ಹವ್ಯಾಸಿಗಳು 1981ರಿಂದ 1983ರವರೆಗಿನ ಈ ಪೆಟ್ಟಿಗೆಯನ್ನು ಹುಡುಕಿ ತರುವುದಕ್ಕೆ ಇದೇ ಕಾರಣ.

ಈಗ ಅಂಕಿಗಳನ್ನು ನೋಡೋಣ. ಗಿಯರು ಪೆಟ್ಟಿಗೆಯಿಂದ ಹೊರಬರುವ ದಂಡವು ಒಂದು ಸುತ್ತು ಸುತ್ತಲು ಎಂಜಿನ್ ಎಷ್ಟು ಸುತ್ತಬೇಕೋ ಅದೇ ಆ ಗಿಯರಿನ ಅನುಪಾತ. ಆರಂಭದ 240-ಝಡ್ ಕಾರಿನ ಮೊದಲನೆಯ ಗಿಯರಿನಲ್ಲಿ ಇದು 3.549, ನಾಲ್ಕನೆಯದರಲ್ಲಿ 1. ಹೊಸ ಪೆಟ್ಟಿಗೆಯ ಮೊದಲನೆಯ ಗಿಯರಿನಲ್ಲಿ 3.062, ಐದನೆಯದರಲ್ಲಿ 0.745. ಇಷ್ಟರಿಂದಲೇ ಲೆಕ್ಕ ಮುಗಿಯದು. ಹಿಂದಿನ ಗಾಲಿಗಳ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಭಾಗದಲ್ಲಿ ವೇಗವು 3.364ರ ಅನುಪಾತದಲ್ಲಿ ಮತ್ತೊಮ್ಮೆ ತಗ್ಗುತ್ತದೆ. ಎರಡನ್ನೂ ಗುಣಿಸಿದಾಗ ಒಟ್ಟು ಅನುಪಾತ ದೊರೆಯುತ್ತದೆ.

ಗಾಲಿಯ ಸುತ್ತಳತೆ ಸುಮಾರು 2 ಮೀಟರ್ ಎನ್ನೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಲಿಯು ನಿಮಿಷಕ್ಕೆ ಸುಮಾರು 833 ಸಲ ಸುತ್ತುತ್ತದೆ. ಆಗ ಹಳೆಯ ನಾಲ್ಕನೆಯ ಗಿಯರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸಲ ಸುತ್ತಬೇಕು. ಹೊಸ ಐದನೆಯ ಗಿಯರಿನಲ್ಲಿ ಸುಮಾರು 2,090 ಸಲ ಸುತ್ತಿದರೆ ಸಾಕು. ಗಾಳಿಯ ತಡೆಯನ್ನು ಎದುರಿಸಲು ಬೇಕಾದ ಸಾಮರ್ಥ್ಯವೇನೂ ಇದರಿಂದ ಕಡಮೆಯಾಗದು. ಆದರೆ ಎಂಜಿನ್ನಿನ ಒಳಗಣ ಘರ್ಷಣೆಯ ನಷ್ಟ ತಗ್ಗುತ್ತದೆ, ಸದ್ದು ಅಡಗುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಇನ್ನು ನಷ್ಟದ ಮಾತು. ಮೊದಲನೆಯ ಗಿಯರಿನ ಒಟ್ಟು ಅನುಪಾತ ಹಿಂದೆ 11.94 ಇದ್ದುದು ಈಗ 10.30ಕ್ಕೆ ಇಳಿಯಿತು. ಅಂದರೆ, ನಿಂತ ಕಾರನ್ನು ಹೊರಡಿಸುವಾಗ ಗಾಲಿಗೆ ತಲಪುವ ತಿರುಗಿಸುವ ಬಲವು ಶೇಕಡ 14ರಷ್ಟು ಕಡಮೆ. ಹೊಸ ಪೆಟ್ಟಿಗೆಯಿಂದ ಕಾರು ಚುರುಕಾಗುವುದೆಂದು ನಂಬಿದವನಿಗೆ ನಿರಾಶೆಯೇ ಕಾದಿರುತ್ತದೆ.

ಇದಕ್ಕೆ ಪರಿಹಾರವಿಲ್ಲವೆ? ಇದೆ. ಡಿಫರೆನ್ಷಿಯಲನ್ನೂ ಬದಲಾಯಿಸಿ 3.900 ಅನುಪಾತದ್ದನ್ನು ಅಳವಡಿಸಿದೆವೆನ್ನಿ. 3.062ನ್ನು 3.900ರಿಂದ ಗುಣಿಸಿದರೆ ಮತ್ತೆ 11.94! ಹೊರಡುವ ಬಲ ಹಿಂದಿನಷ್ಟೇ ಆಯಿತು. ಐದನೆಯ ಗಿಯರಿನಲ್ಲಿ ಎಂಜಿನ್ನಿನ ವೇಗ ಈಗ ಸುಮಾರು 2,420. ಹಳೆಯ 2,800ಕ್ಕಿಂತ ಇದು ಕಡಮೆಯೇ. ಉಳಿತಾಯದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು, ಕಳೆದುಕೊಂಡ ಬಲವನ್ನು ಮರಳಿ ಪಡೆದಂತಾಯಿತು.

ಇಲ್ಲಿ ಎಚ್ಚರಿಕೆಯಿಂದ ಗಮನಿಸಬೇಕಾದ ಒಂದು ವಿಷಯವಿದೆ. ಈ ಕಾರುಗಳಲ್ಲಿ ವೇಗಮಾಪಕವನ್ನು ನಡೆಸುವುದು ಗಾಲಿಯಲ್ಲ. ಗಿಯರು ಪೆಟ್ಟಿಗೆಯಿಂದ ಹೊರಬರುವ ದಂಡ. ಆ ದಂಡಕ್ಕೆ ತಾಗಿರುವ ಪುಟ್ಟ ಹಲ್ಲುಚಕ್ರವನ್ನು ಡಿಫರೆನ್ಷಿಯಲಿನ ಅನುಪಾತಕ್ಕೆ ತಕ್ಕಂತೆ ಆರಿಸಿರುತ್ತಾರೆ. 3.900ಕ್ಕೆ ಹೊಂದಿಸಿದ ಹಲ್ಲುಚಕ್ರವುಳ್ಳ ಪೆಟ್ಟಿಗೆಯನ್ನು 3.364ರ ಕಾರಿಗೆ ಹಾಗೆಯೇ ಜೋಡಿಸಿದರೆ, ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಮುಳ್ಳು 86ನ್ನು ತೋರಿಸುತ್ತದೆ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದೆಂಬುದನ್ನು ವಾಚಕರು ಬಲ್ಲರು. ಚಾಲಕನು ಎಣಿಸಿದ್ದಕ್ಕಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿನ ಶಕ್ತಿಯನ್ನು ಬ್ರೇಕುಗಳು ಹೀರಬೇಕಾಗುತ್ತದೆ. ನಿಲ್ಲಲು ಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ. ಒಂದು ಪುಟ್ಟ ಹಲ್ಲುಚಕ್ರದ ಅಲಕ್ಷ್ಯಕ್ಕೆ ತೆರುವ ಬೆಲೆ ಇದು.

ಕ್ಲಚ್ಚಿನ ವಿಷಯವೂ ಹೀಗೆಯೇ. ಕ್ಲಚ್ಚನ್ನು ಬಿಡಿಸುವ ಬೇರಿಂಗನ್ನು ಹೊತ್ತ ಕೊಳವೆಯ ಉದ್ದವು ಕ್ಲಚ್ಚಿನ ಒತ್ತುಫಲಕದ ಎತ್ತರಕ್ಕೆ ಸರಿಹೊಂದಬೇಕು. ಕೊಳವೆ ಗಿಡ್ಡವಾದರೆ ಕ್ಲಚ್ಚು ಪೂರ್ತಿ ಬಿಡದು. ಉದ್ದವಾದರೆ ಸದಾ ಒತ್ತಿಕೊಂಡಿದ್ದು ಜಾರಿ ಸವೆಯುತ್ತದೆ. ಆದುದರಿಂದ, ಪೆಟ್ಟಿಗೆ ಯಾವ ಕಾರಿನದೇ ಇರಲಿ, ಕೊಳವೆಯನ್ನು ಒತ್ತುಫಲಕದ ಜೊತೆಯದನ್ನೇ ಬಳಸಬೇಕು.

ಬೋಲ್ಟುಗಳು ಕೂಡಿದ ಮಾತ್ರಕ್ಕೆ ಯಂತ್ರ ಕೂಡಿತೆನ್ನುವಂತಿಲ್ಲ. ಗಿಯರು ಪೆಟ್ಟಿಗೆಯು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಇರುವ ಶಕ್ತಿಯನ್ನು ಬಲವಾಗಿಯೋ ವೇಗವಾಗಿಯೋ ಹಂಚಿಕೊಡುತ್ತದೆ, ಅಷ್ಟೆ. ಆದಕಾರಣ ಕೈಗೆ ಸ್ಪ್ಯಾನರನ್ನು ತೆಗೆದುಕೊಳ್ಳುವ ಮುನ್ನ ಕಾಗದ ಪೆನ್ಸಿಲುಗಳನ್ನು ತೆಗೆದುಕೊಳ್ಳುವುದು ಜಾಣತನ.