ಮೊಳದುದ್ದದ ಟ್ರಕ್ಕು, ಎರಿ ಹೊಲದ ರಾಡಿ

ಮೃಗಶಿರಾ ಮಳೆ ಎರಡು ದಿನ ಸುರಿದು ಬಿಡುವು ಕೊಟ್ಟಿತ್ತು. ರಾಯಬಾಗ ತಾಲ್ಲೂಕಿನ ನಮ್ಮ ಹೊಲದ ಬದುವಿನ ಮೇಲೆ ಅಣ್ಣನ ಮಗ ಕುಕ್ಕರಗಾಲಲ್ಲಿ ಕೂತು ರಿಮೋಟ್ ಒತ್ತುತ್ತಲೇ ಇದ್ದ. ಎದುರಿಗೆ ಮೊಳದುದ್ದದ ಟ್ರಕ್ಕು. ಮೋಟಾರು ಗುಂಯ್‌ಗುಡುತ್ತಿದೆ, ನಾಲ್ಕೂ ಗಾಲಿ ನಿಧಾನಕ್ಕೆ ತಿರುಗುತ್ತಿವೆ, ಗಾಡಿ ಮಾತ್ರ ಇದ್ದಲ್ಲೇ ಇದೆ.

"ಕಾಕಾ, ಬ್ಯಾಟರಿ ಇಳದೈತಿ ಅನಸ್ತೈತಿ."

"ಬ್ಯಾಟರಿ ಇಳದಿದ್ರ ಗಾಲಿ ಹೆಂಗ ತಿರಗ್ತಾವೋ? ಎತ್ತಿ ನೋಡು."

ಎತ್ತಿದ. ಟೈರಿನ ಒಂದು ಹಲ್ಲೂ ಕಾಣಲಿಲ್ಲ. ಗಾಲಿ ಇದ್ದಲ್ಲಿ ನಾಲ್ಕು ಕರಿ ಉಂಡೆಗಳಿದ್ದವು. ಅಥಣಿಯ ಚಪ್ಪಲಿ ಮೆಟ್ಟಿಕೊಂಡು ಹಸಿ ಎರಿ ಹೊಲಕ್ಕೆ ಇಳಿದವರಿಗೆ ಇದು ಹೊಸದೇನಲ್ಲ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಚಪ್ಪಲಿ ಕಾಲಿಗಿಂತ ಭಾರವಾಗಿರುತ್ತದೆ. ನಾವು ಹೀಗೆ ನೋಡುತ್ತಿರುವಾಗಲೇ ಪಕ್ಕದ ಹೊಲದವರ ಟ್ರ್ಯಾಕ್ಟರು ಅದೇ ರಾಡಿಯನ್ನು ತುಳಿದುಕೊಂಡು ಏನೂ ಆಗದಂತೆ ದಾಟಿ ಹೋಯಿತು. ಎರಡು ಟನ್ನಿನ ಗಾಡಿ ಹೋಗುತ್ತದೆ, ಎರಡೂವರೆ ಕಿಲೋದ್ದು ಹೋಗುವುದಿಲ್ಲ, ಯಾಕೆ ಎಂದು ಹುಡುಗ ಕೇಳಿದ. ಸಣ್ಣ ಗಾಡಿಗೆ ಟೈರು ಆರಿಸುವ ಲೆಕ್ಕವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಟ್ರ್ಯಾಕ್ಟರನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದೆವು ಎನ್ನಿ. ತೂಕ ಸಾವಿರದಲ್ಲಿ ಒಂದು ಪಾಲಾಗಿ, ಎರಡು ಟನ್ನು ಎರಡು ಕಿಲೋಗೆ ಇಳಿಯುತ್ತದೆ. ಟೈರು ನೆಲಕ್ಕೆ ತಾಗುವ ಜಾಗವಾದರೋ ನೂರರಲ್ಲಿ ಒಂದು ಪಾಲಷ್ಟೇ ಆಗುತ್ತದೆ. ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಪ್ರಾಣಿಗಳ ಎಲುಬಿಗೆ ಹಚ್ಚಿ ತೋರಿಸಿದ ಲೆಕ್ಕವೇ ಇದು. ಹಾಗಾಗಿ ನೆಲದ ಮೇಲೆ ಸಣ್ಣ ಗಾಡಿಯ ಒತ್ತಡ ದೊಡ್ಡದರ ಹತ್ತನೇ ಒಂದು ಪಾಲು. ಅದು ಹೂತುಹೋಗಬೇಕಾದ ಕಾರಣವೇ ಇಲ್ಲ, ಹೂತೂ ಇರಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದು ಅಂಟು. ಮಣ್ಣಿನ ಅಂಟು ತಾಗುವ ಜಾಗದ ಮೇಲೆ ನಿಂತಿದೆ, ತೂಕದ ಮೇಲಲ್ಲ. ತೂಕ ಸಾವಿರ ಪಟ್ಟು ತಗ್ಗಿದರೆ ಅಂಟು ನೂರು ಪಟ್ಟು ಮಾತ್ರ ತಗ್ಗಿತು. ಎಂದರೆ ತನ್ನ ಮೈತೂಕಕ್ಕೆ ಹೋಲಿಸಿದರೆ ಆಟದ ಗಾಡಿಗೆ ಎರಿ ಮಣ್ಣು ಹತ್ತು ಪಟ್ಟು ಹೆಚ್ಚು ಜಿಗುಟು. ಕಾರ್ಖಾನೆಯವರು ಟ್ರಕ್ಕನ್ನು ಸಣ್ಣದು ಮಾಡಿದ್ದರು, ಮಣ್ಣನ್ನು ಸಣ್ಣದು ಮಾಡಲು ಅವರಿಂದಾಗುವುದಿಲ್ಲ.

ನಮ್ಮ ಎರಿ ಇದರಲ್ಲಿ ಒಂದು ಕೈ ಮೇಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯ ಮೇಲೆ ಹರಡಿದ ಲಾವಾ ಕಪ್ಪುಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣಿದು. ಇದರ ಜೇಡಿಯ ಕಣಗಳು ಹಾಳೆಯ ಮೇಲೆ ಹಾಳೆ ಪೇರಿಸಿದಂತಿರುತ್ತವೆ. ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಬಿರುಕು ಬಿಡುತ್ತದೆ. ಪೂರ್ತಿ ಒಣಗಿದಾಗ ಇದು ಅಂಟುವುದಿಲ್ಲ, ನೀರು ನಿಂತು ಗಂಜಿಯಾದಾಗಲೂ ಅಷ್ಟಾಗಿ ಅಂಟುವುದಿಲ್ಲ. ಇವೆರಡರ ನಡುವೆ, ಕೈಯಲ್ಲಿ ಹಿಡಿದರೆ ಉಂಡೆಯಾಗುವ ಹದದಲ್ಲಿ ಮಾತ್ರ ಅದು ರಬ್ಬರನ್ನು ಬಿಡುವುದೇ ಇಲ್ಲ. ಹುಡುಗ ಗಾಡಿ ಇಳಿಸಿದ್ದು ಸರಿಯಾಗಿ ಆ ಹೊತ್ತಿಗೆ.

ಟ್ರ್ಯಾಕ್ಟರಿನ ಹಿಂದಿನ ಟೈರನ್ನು ಹತ್ತಿರ ನಿಂತು ನೋಡಬೇಕು. ಹಲ್ಲುಗಳು ಕಡಿಮೆ, ದೂರ ದೂರ, ಓರೆ. ಎರಡೂ ಬದಿಯ ಹಲ್ಲುಗಳು ನಡುವೆ ಮೊನೆಯಾಗಿ ಕೂಡುವಂತೆ ಸಾಗುತ್ತವೆ. ಮೊನೆ ಮೊದಲು ನೆಲಕ್ಕೆ ತಾಗಿದರೆ ಮಣ್ಣು ನಡುವಿನಿಂದ ಹೊರಬದಿಗೆ ಒತ್ತಿಕೊಂಡು ಜಾರಿ ಹೋಗುತ್ತದೆ. ತಿರುವುಮುರುವಾಗಿ ಹಾಕಿದರೆ ಅದೇ ಹಲ್ಲು ಮಣ್ಣನ್ನು ನಡುವಿಗೆ ಗೋರುತ್ತದೆ. ಸಣ್ಣ ಟೈರಿನ ಪಕ್ಕದಲ್ಲಿ ಬಾಣದ ಗುರುತು ಇರುವುದು ಇದಕ್ಕೇ, ಅದನ್ನು ನೋಡದೆ ಅಂಟಿಸಿಬಿಡುವವರೂ ಬಹಳ. ಟ್ರ್ಯಾಕ್ಟರಿನ ಮುಂದಿನ ಟೈರಿನಲ್ಲಿ ಈ ಹಲ್ಲುಗಳಿಲ್ಲ, ಸುತ್ತಲೂ ಹರಿದ ಏಣುಗಳಿವೆ. ಅದರ ಕೆಲಸ ಎಳೆಯುವುದಲ್ಲ, ಹೊರಳುವಾಗ ಅಡ್ಡ ಜಾರದೆ ನೆಲವನ್ನು ಸೀಳಿಕೊಂಡು ನಿಲ್ಲುವುದು. ಹಿಂದಿನ ಎರಡೇ ಗಾಲಿಗೆ ಶಕ್ತಿ ಹೋಗುವ ಆಟದ ಗಾಡಿಗಳಿಗೂ ಮುಂದೆ ಏಣಿನ ಟೈರೇ ವಾಸಿ. ನಾಲ್ಕೂ ಗಾಲಿ ಎಳೆಯುವ ಗಾಡಿಗೆ ಈ ಭೇದ ಬೇಡ.

ಅಣ್ಣನ ಮಗನ ಟೈರಿನಲ್ಲಿ ಹಲ್ಲುಗಳು ಒತ್ತೊತ್ತಾಗಿದ್ದವು, ಟೈರು ಅಗಲವಾಗಿಯೂ ಇತ್ತು. ಅಂಗಡಿಯಲ್ಲಿ ಅದು ಗತ್ತಿನದಾಗಿಯೇ ಕಾಣುತ್ತದೆ. ಒತ್ತು ಹಲ್ಲಿನ ಸಂದಿಗೆ ಹೊಕ್ಕ ಎರಿ ಹೊರಬರದು, ಅಗಲ ಹೆಚ್ಚಿದಷ್ಟೂ ಅಂಟಿಗೆ ಜಾಗ ಹೆಚ್ಚು. ಇಂಥ ನೆಲಕ್ಕೆ ಎತ್ತರದ, ಕಿರಿದಾದ, ಹಲ್ಲು ಬಿಡಿಬಿಡಿಯಾಗಿರುವ ಟೈರು ಬೇಕು. ವೇಗವೂ ಬೇಕು. ಗಾಲಿ ತಿರುಗಿದಾಗ ಮಣ್ಣನ್ನು ಹೊರಕ್ಕೆ ಚಿಮ್ಮಿಸುವ ಸೆಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಗಾಲಿ ಸಣ್ಣದಾದಷ್ಟೂ ಏರುತ್ತದೆ. ತಾಸಿಗೆ 5 ಕಿ.ಮೀ. ಹೋಗುವ ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಅಂಚಿನಲ್ಲಿ ಅದು ಭೂಮಿಯ ಸೆಳೆತದ ಮೂರನೇ ಒಂದು ಪಾಲು. 11 ಸೆಂ.ಮೀ. ವ್ಯಾಸದ ಆಟದ ಗಾಲಿಯನ್ನು ತಾಸಿಗೆ 20 ಕಿ.ಮೀ. ವೇಗಕ್ಕೆ ತಿರುಗಿಸಿದರೆ ಭೂಮಿಯ ಸೆಳೆತದ ಐವತ್ತು ಪಟ್ಟಿಗೂ ಹೆಚ್ಚು. ಸಣ್ಣ ಗಾಡಿಗೆ ಪ್ರಕೃತಿ ಅಂಟಿನಲ್ಲಿ ಮಾಡಿದ ಅನ್ಯಾಯವನ್ನು ಇಲ್ಲಿ ಒಂದಿಷ್ಟು ಸರಿಮಾಡಿದೆ. ಹುಡುಗ ಜೋಪಾನ ಮಾಡಿ ಮೆಲ್ಲಗೆ ಓಡಿಸಿದ್ದೇ ತಪ್ಪಾಯಿತು.

ಇಷ್ಟೆಲ್ಲ ಜೂನ್ ತಿಂಗಳ ಎರಿಯ ಮಾತು. ಬೇಸಿಗೆಯಲ್ಲಿ ಕುಡಚಿ, ಉಗಾರದ ಕಡೆ ಕೃಷ್ಣೆಯ ಪಾತ್ರದಲ್ಲಿ ಮರಳು ತೇಲಿದಾಗ ಲೆಕ್ಕ ಬೇರೆ. ಒಣ ಮರಳು ಅಂಟುವುದಿಲ್ಲ, ಕಾಲ ಕೆಳಗಿನಿಂದ ಜಾರಿಹೋಗುತ್ತದೆ. ಅಲ್ಲಿ ಅಗಲ ಟೈರು ಉಪಕಾರಿ, ಹುಟ್ಟಿನಂತೆ ಅಡ್ಡಕ್ಕೆ ನಿಂತ ನಾಲ್ಕಾರು ಪಟ್ಟಿಗಳಿದ್ದರೆ ಇನ್ನೂ ಒಳ್ಳೆಯದು. ಚಿಕ್ಕೋಡಿ, ನಿಪ್ಪಾಣಿ ಕಡೆಯ ಕಲ್ಲುನೆಲದಲ್ಲಿ ಹಲ್ಲಿಗಿಂತ ರಬ್ಬರಿನ ಮೆದುತನ ಮುಖ್ಯ. ಮೆದು ರಬ್ಬರು ಕಪ್ಪುಕಲ್ಲಿನ ಕಣ್ಣಿಗೆ ಕಾಣದ ಉಬ್ಬುತಗ್ಗಿನೊಳಕ್ಕೂ ಇಳಿದು ಕಚ್ಚಿಕೊಳ್ಳುತ್ತದೆ. ಅದೇ ಟೈರನ್ನು ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೆ ಓಡಿಸಿದರೆ ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆಯುತ್ತದೆ. ಕಬ್ಬು ಕಡಿದ ಹೊಲದಲ್ಲಿ ಮಾತ್ರ ಯಾವ ಟೈರೂ ಬೇಡ. ರವದಿ ಅಚ್ಚಿಗೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ಆಟದ ಗಾಡಿಯ ಟೈರಿನಲ್ಲಿ ಹವಾ ತುಂಬುವುದಿಲ್ಲ. ಒಳಗೆ ಸ್ಪಂಜಿನ ಬಳೆ ಇರುತ್ತದೆ, ರಿಮ್ಮಿಗೋ ಟೈರಿಗೋ ಸಣ್ಣ ತೂತು. ತೂತಿನಿಂದ ಗಾಳಿ ಹೊರಹೋದರೇ ಟೈರು ಕಲ್ಲಿನ ಮೇಲೆ ತಗ್ಗಿ ಹರಡಿಕೊಳ್ಳುವುದು. ಅದೇ ತೂತಿನಿಂದ ಹಳ್ಳದ ನೀರು ಒಳಗೂ ಬರುತ್ತದೆ. ಸಾದಾ ಸ್ಪಂಜು ಅದನ್ನು ಹೀರಿಕೊಂಡರೆ ಗಾಲಿಯ ತೂಕ ಏರಿ ಗಾಡಿ ಕುಣಿಯತೊಡಗುತ್ತದೆ. ರಂಧ್ರಗಳು ಒಂದಕ್ಕೊಂದು ಕೂಡದ ಸ್ಪಂಜಾದರೆ ನೀರು ಹೀರುವುದಿಲ್ಲ, ಬೆಲೆ ಹೆಚ್ಚು. ನಮ್ಮ ರೈತರು ಬೇಕೆಂದೇ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸುತ್ತಾರೆ, ತೂಕ ಕೆಳಗೆ ಕೂತು ಹಿಡಿತ ಸಿಗಲೆಂದು. ಮೆಲ್ಲಗೆ ಕಲ್ಲು ಹತ್ತುವ ಆಟದ ಗಾಡಿಯವರು ರಿಮ್ಮಿನೊಳಗೆ ಹಿತ್ತಾಳೆಯ ತೂಕ ಇಡುವುದೂ ಅದೇ ಉಪಾಯ. ಓಡುವ ಗಾಡಿಗೆ ಇದು ದಂಡ, ಏಕೆಂದರೆ ಗಾಲಿಯ ಅಂಚಿನ ನೂರು ಗ್ರಾಂ ವೇಗ ಏರಿಸುವಾಗ ಇನ್ನೂರು ಗ್ರಾಂನಂತೆ ಎಳೆಯುತ್ತದೆ. ಅದು ಮುಂದಕ್ಕೂ ಸಾಗಬೇಕು, ಸುತ್ತಲೂ ತಿರುಗಬೇಕು.

ಹವಾ ತುಂಬಿದ ಟೈರು ಚಲಾವಣೆಗೆ ಬಂದದ್ದೇ ಒಬ್ಬ ಹುಡುಗನ ಆಟದ ಗಾಡಿಯಿಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಅದನ್ನು ಕಟ್ಟಿದ. ಅಮೆರಿಕದಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಹೋಗಿ ಹವಾ ಟೈರು ಬಂದದ್ದು 1932ರ ಹೊತ್ತಿಗೆ.

ರಿಮ್ಮಿನ ವಿಷಯದಲ್ಲಿ ಕೊಳ್ಳುವವರು ಎಡವುವುದು ಮೂರು ಅಳತೆಗಳಲ್ಲಿ. ಡಬ್ಬದ ಮೇಲೆ 1.9 ಅಥವಾ 2.2 ಎಂದಿದ್ದರೆ ಅದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅಚ್ಚಿನ ತುದಿಯ ಆರು ಮೂಲೆಯ ಕಟ್ಟು ಸಾಮಾನ್ಯವಾಗಿ 12 ಮಿ.ಮೀ., ಭಾರಿ ಗಾಡಿಗಳಲ್ಲಿ 17. ಇವೆರಡು ಸರಿಯಾದರೂ ಟೈರಿನ ಹೊರ ವ್ಯಾಸ 10ರಿಂದ 12 ಸೆಂ.ಮೀ.ಗೆ ಏರಿದರೆ ಒಂದು ಸುತ್ತಿಗೆ ಐದನೇ ಒಂದು ಪಾಲು ಹೆಚ್ಚು ದೂರ ಹೋಗಬೇಕು, ಮೋಟಾರು ಬಿಸಿಯಾಗುತ್ತದೆ. ಮೋಟಾರಿನ ಹಲ್ಲುಚಕ್ರವನ್ನು ಸಣ್ಣದಕ್ಕೆ ಬದಲಿಸಿದರೆ ತಾಳುತ್ತದೆ. ಗಾಲಿಯನ್ನು ಹೊರಕ್ಕೆ ಸರಿಸಿದರೆ ಗಾಡಿ ಉರುಳುವುದು ಕಡಿಮೆ, ಬೇರಿಂಗಿಗೆ ಏಟು ಹೆಚ್ಚು. ಕಬ್ಬಿನ ಸಾಲಿಗೆ ಹೊಂದುವಂತೆ ಟ್ರ್ಯಾಕ್ಟರಿನ ಹಿಂದಿನ ರಿಮ್ಮು ತಿರುವಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹೊಸ ಟೈರು ತರಿಸುವ ಮೊದಲು ಇದ್ದದ್ದನ್ನೇ ಕೊಯ್ದು ನೋಡೋಣ ಎಂದೆ. ಸಂಜೆ ಪಡಸಾಲೆಯಲ್ಲಿ ಕೂತು, ಸಾಲು ಬಿಟ್ಟು ಸಾಲು ಹಲ್ಲುಗಳನ್ನು ಬ್ಲೇಡಿನಿಂದ ಬುಡಕ್ಕೆ ಕತ್ತರಿಸಿದೆವು. ಎರಡು ಟೈರಿಗಷ್ಟೇ, ಹಿಂದಿನವಕ್ಕೆ. ಮುಂದಿನ ಎರಡು ಹಾಗೇ ಇರಲಿ, ಹೋಲಿಸಲು ಬೇಕು ಎಂದು ಹುಡುಗನೇ ಹೇಳಿದ. ಬೆಳಗ್ಗೆ ಅದೇ ಬದುವಿನಿಂದ ಇಳಿಸಿ ಜೋರಾಗಿ ಒತ್ತಿದ. ಹಿಂದಿನ ಗಾಲಿಗಳು ರಾಡಿಯನ್ನು ನನ್ನ ಅಂಗಿಯ ಮೇಲೆ ಚಿಮ್ಮಿಸಿ ಗಾಡಿಯನ್ನು ನಾಲ್ಕು ಬೋದು ದಾಟಿಸಿದವು, ಐದನೆಯದಕ್ಕೆ ಮುಂದಿನ ಎರಡು ಉಂಡೆ ಅಡ್ಡ ಬಂದವು. ಮೋಟಾರು ಮುಟ್ಟಿದರೆ ಚುರ್ ಎನ್ನುವಷ್ಟು ಕಾದಿತ್ತು. ಗಾಡಿಯನ್ನು ಹಾಗೇ ಅಟ್ಟದ ಮೇಲೆ ಇಟ್ಟೆವು. ಎರಡು ದಿನ ಬಿಸಿಲು ಬಿದ್ದ ಮೇಲೆ ಮುಂದಿನ ಗಾಲಿಯ ಎರಿ ಕುಗ್ಗಿ, ಬಿರಿದು, ಬಳೆಯ ಚೂರಿನಂತೆ ಕಳಚಿ ಬಿತ್ತು. ಒಳಮೈಯಲ್ಲಿ ಒಂದೊಂದು ಹಲ್ಲಿನ ಅಚ್ಚೂ ಸ್ಪಷ್ಟ. ಹುಡುಗ ಅದನ್ನು ಬೆಳಕಿಗೆ ಹಿಡಿದು, ಎಲ್ಲಿ ಸಂದಿ ಕಿರಿದೋ ಅಲ್ಲಿಗೆ ಪೆನ್ನಿನಿಂದ ಗುರುತು ಹಾಕುತ್ತ ಕೂತ.